ಎಣ್ಣೆಗೆ ನೀರು ಕೂಡಿಸುವ ಮೊದಲು

ಮಕ್ಕಳೇ, ಈಚೆಗೆ ನಮ್ಮ ಕಡೆಯ ಅಡುಗೆಕೋಣೆಗಳಲ್ಲಿ ಹೊಸ ಉಮೇದು ಕಾಣುತ್ತಿದೆ. ಬಿ.ಸಿ. ರೋಡಿನಿಂದ ಉಜಿರೆಯವರೆಗೆ, ಅತ್ತ ಮೂಡುಬಿದಿರೆಯವರೆಗೆ, ಎಲ್ಲಿ ಹೋದರೂ ನಿಮ್ಮಂಥವರು ಯಾರಾದರೂ ಮನೆಯಲ್ಲೇ ಶಾಂಪೂ ಕುದಿಸುತ್ತಿರುತ್ತೀರಿ, ಲೋಳೆಸರ ಕಡೆಯುತ್ತಿರುತ್ತೀರಿ, ಇಲ್ಲವೇ ತೆಂಗಿನೆಣ್ಣೆಗೆ ಕೇಪಳದ ಹೂ ಹಾಕಿ ಕಾಯಿಸುತ್ತಿರುತ್ತೀರಿ. ಕೆಲವರಂತೂ ಪಾರ್ಸೆಲ್ ಬಿಚ್ಚಿ ತೋರಿಸುತ್ತೀರಿ: “ದೊಡ್ಡಮ್ಮ, ಇದು ಗಿಡಮೂಲದ ಎಮಲ್ಸಿಫೈಯರ್. ಇನ್ನು ಕ್ರೀಮು, ಕಂಡೀಷನರು ಯಾವುದನ್ನೂ ಅಂಗಡಿಯಿಂದ ತರಬೇಕಿಲ್ಲ.” ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಯಾವುದು? ಪುಸ್ತಕದಲ್ಲಿ ಓದಿದ್ದನ್ನು ಕೈಯಿಂದ ಮಾಡಿ ನೋಡಬೇಕೆನ್ನುವ ಆಸೆ ಎಲ್ಲರಿಗೂ ಹುಟ್ಟುವುದಿಲ್ಲ.

ಆ ಆಸೆ ಬಿಡಿ ಎಂದು ನಾನು ಹೇಳುವುದಿಲ್ಲ. ಒಂದೇ ಒಂದು ವಿಷಯ ಮನಸ್ಸಿಗೆ ಹಾಕಿಕೊಳ್ಳಿ. ಎಣ್ಣೆ ಇರುವವರೆಗೆ ಕೆಲಸ ಸುಲಭ. ಅದಕ್ಕೆ ನೀರು ಕೂಡಿಸಿದ ಗಳಿಗೆಯಿಂದ ನಿಮ್ಮ ಹೊಣೆ ಬೇರೆಯೇ ಆಗುತ್ತದೆ. ನಾನು ಮುಂದೆ ಹೇಳುವ ಎಲ್ಲ ಮಾತೂ ಇದರ ವಿವರಣೆ.

ಮೊದಲು ಕೆಲಸದ ಒಳಗುಟ್ಟು ತಿಳಿಯಿರಿ. ಎಣ್ಣೆ ಮತ್ತು ನೀರನ್ನು ಎಷ್ಟು ಕಲಕಿದರೂ ಸ್ವಲ್ಪ ಹೊತ್ತಿನಲ್ಲಿ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿಕೊಂಡು ಮೇಲೆ ತೇಲುತ್ತವೆ. ಎಮಲ್ಸಿಫೈಯರಿನ ಅಣುವಿಗೆ ಎರಡು ತುದಿ. ಒಂದು ತುದಿ ಎಣ್ಣೆಗೆ ಅಂಟುತ್ತದೆ, ಇನ್ನೊಂದು ನೀರಿನ ಕಡೆಗೆ ವಾಲುತ್ತದೆ. ಎಣ್ಣೆಯ ಸಣ್ಣ ಹನಿಯ ಸುತ್ತ ಈ ಅಣುಗಳು ಸಾಲುಗಟ್ಟಿ ನಿಂತರೆ ಹನಿಗಳು ಮತ್ತೆ ಒಂದಾಗಲಾರವು. ಆಗ ಇಡೀ ಮಿಶ್ರಣ ಬೆಳ್ಳಗೆ, ದಪ್ಪಗೆ ನಿಲ್ಲುತ್ತದೆ. ನೀವು ಅಂಗಡಿಯಿಂದ ತರುವ ಲೋಷನ್, ಕ್ರೀಮು, ಕಂಡೀಷನರು ಎಲ್ಲವೂ ಹೀಗೆ ನಿಂತ ಎಣ್ಣೆ ನೀರಿನ ಕೂಟ.

ಈ ಕೂಟವನ್ನು ನೀವು ದಿನವೂ ಅಡುಗೆಯಲ್ಲಿ ನೋಡುತ್ತೀರಿ. ಕಾಯಿಹಾಲು ಬೆಳ್ಳಗಿರುವುದು ತೆಂಗಿನಕಾಯಿಯ ಎಣ್ಣೆ ಹನಿಹನಿಯಾಗಿ ನೀರಿನಲ್ಲಿ ನಿಂತಿರುವುದರಿಂದ. ಕಾಯಿಯ ಪ್ರೋಟೀನೇ ಅಲ್ಲಿ ಎಮಲ್ಸಿಫೈಯರ್. ಅದರ ಹಿಡಿತ ಅಷ್ಟೇನೂ ಗಟ್ಟಿಯಲ್ಲ, ಆದ್ದರಿಂದ ಕಾಯಿಹಾಲು ಇಟ್ಟಲ್ಲೇ ಕೆನೆಗಟ್ಟಿ ಬೇರೆಯಾಗುತ್ತದೆ. ಎಳೆಮಗುವಿಗೆ ಹಚ್ಚಲೆಂದು ಕಾಯಿಹಾಲನ್ನು ಕುದಿಸಿ ಎಣ್ಣೆ ತೆಗೆಯುತ್ತಾರಲ್ಲ, ಆಗ ಬಿಸಿಗೆ ಪ್ರೋಟೀನು ಗರಣೆಗಟ್ಟಿ ಹಿಡಿತ ಬಿಡುತ್ತದೆ, ನೀರು ಆವಿಯಾಗುತ್ತದೆ, ಎಣ್ಣೆ ಉಳಿಯುತ್ತದೆ. ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಬೆಳಿಗ್ಗೆ ಹಿಂಡಿದ ಕಾಯಿಹಾಲು ಸಂಜೆಗೆ ಹುಳಿ ವಾಸನೆ ಬರುತ್ತದೆ. ಅದೇ ಕಾಯಿಹಾಲಿನಿಂದ ತೆಗೆದ ಎಣ್ಣೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಯಾಕೆ? ಎಣ್ಣೆಯಲ್ಲಿ ನೀರಿಲ್ಲ. ನೀರಿಲ್ಲದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ನೀರು, ಎಣ್ಣೆ, ಸಸ್ಯದ ರಸ ಮೂರೂ ಒಟ್ಟಿಗಿದ್ದರೆ ಅವಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ.

ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಎಂಬ ಹೆಸರು ಗೊತ್ತಿರಲಿಲ್ಲ, ಆದರೆ ಅವರು ನಡೆಸಿಕೊಂಡು ಬಂದ ಕ್ರಮ ನೋಡಿ. ಅಂಟುವಾಳ, ಸೀಗೆಕಾಯಿಗಳನ್ನು ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ಇಡುತ್ತಿದ್ದರು. ಬೇಕಾದ ದಿನ ಬೇಕಾದಷ್ಟೇ ನೆನೆಹಾಕುತ್ತಿದ್ದರು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ದಾಸವಾಳದ ಸೊಪ್ಪನ್ನು ಆಗಲೇ ಕೊಯ್ದು, ಆಗಲೇ ಕಿವುಚಿ ಗೊಂಪು ತೆಗೆಯುತ್ತಿದ್ದರು, ಉಳಿದದ್ದನ್ನು ಎಸೆಯುತ್ತಿದ್ದರು. ತಲೆಗೆ ಹಚ್ಚುವ ಒಂದೆಲಗದ ಎಣ್ಣೆಯನ್ನೂ ಗರುಗದ ಎಣ್ಣೆಯನ್ನೂ ಮಾತ್ರ ಇಟ್ಟುಕೊಳ್ಳುತ್ತಿದ್ದರು, ಅದೂ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿದ ಮೇಲೆ. ಕಾಯಿಸಿದ ಎಣ್ಣೆಯಲ್ಲಿ ಬತ್ತಿ ಅದ್ದಿ ಹೊತ್ತಿಸಿ ನೋಡುವುದು ವೈದ್ಯರ ಹಳೆಯ ಪರೀಕ್ಷೆ. ಸದ್ದಿಲ್ಲದೆ ಉರಿದರೆ ಪಾಕ ಸರಿ, ಚಟಗುಟ್ಟಿದರೆ ನೀರಿನ ಪಸೆ ಇನ್ನೂ ಇದೆ ಎಂದು ಅರ್ಥ. ನೀರು ತಾಗಿದ್ದನ್ನು ಅಂದೇ ಮುಗಿಸಬೇಕು, ಇಟ್ಟುಕೊಳ್ಳುವುದರಲ್ಲಿ ನೀರಿರಬಾರದು: ಇದಿಷ್ಟೇ ಅವರ ಶಾಸ್ತ್ರ. ನೀವು ಎಷ್ಟೇ ಹೊಸ ಪದಾರ್ಥ ತರಿಸಿದರೂ ಈ ಶಾಸ್ತ್ರ ಹಳತಾಗುವುದಿಲ್ಲ.

ಅಂಟುವಾಳದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗಿಡಮೂಲದ ಎಮಲ್ಸಿಫೈಯರ್ ಎಂದು ನೀವು ದೂರದಿಂದ ತರಿಸುವ ವಸ್ತುವಿನ ಅಣ್ಣ ನಮ್ಮ ನೆಲದಲ್ಲೇ ಇದ್ದಾನೆ. ದಕ್ಷಿಣ ಭಾರತದ ಅಂಟುವಾಳ ಸಪಿಂಡಸ್ ಟ್ರೈಫೋಲಿಯೇಟಸ್. ಉತ್ತರದವರು ರೀಠಾ ಎನ್ನುವುದು ಅದರದೇ ಕುಲದ ಸಪಿಂಡಸ್ ಮುಕೊರೋಸಿ. ಇವುಗಳ ಸಿಪ್ಪೆಯಲ್ಲಿ ನೂರಕ್ಕೆ ಹತ್ತರಷ್ಟು ಸಪೋನಿನ್ ಇರುತ್ತದೆ. ಸಪೋನಿನ್ನಿನ ಅಣುವಿಗೂ ಎಣ್ಣೆಯ ತುದಿ ಒಂದು, ನೀರಿನ ತುದಿ ಒಂದು. ಅದಕ್ಕೇ ನೊರೆ ಬರುತ್ತದೆ, ತಲೆಯ ಎಣ್ಣೆ ನೀರಿನೊಂದಿಗೆ ಹೋಗುತ್ತದೆ. ಚಿನ್ನದ ಒಡವೆ ತೊಳೆಯಲು, ರೇಷ್ಮೆ ಸೀರೆ ಒಗೆಯಲು ಇಂದಿಗೂ ಅಂಟುವಾಳವೇ ಒಳ್ಳೆಯದು. ಸಾಬೂನಿನ ನೀರು ಕ್ಷಾರ, ಅದರ ಪಿಎಚ್ 9ರಿಂದ 10. ಅಂಟುವಾಳದ ನೀರು ತುಸು ಆಮ್ಲೀಯ, ನಮ್ಮ ಚರ್ಮವೂ ಹಾಗೆಯೇ. ರೇಷ್ಮೆಗೂ ಕೂದಲಿಗೂ ಅದು ಹೊಂದುವುದಕ್ಕೆ ಇದೂ ಒಂದು ಕಾರಣ.

ಮಾಡುವ ಕ್ರಮ ಹೀಗೆ. ಒಳಗಿನ ಕಪ್ಪು ಬೀಜ ತೆಗೆದ ಸಿಪ್ಪೆ 50 ಗ್ರಾಂ, ನೀರು ಒಂದು ಲೀಟರ್. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ. ಅಂದಿಗೆ ಬೇಕಾದಷ್ಟು ಬಳಸಿ, ಮಿಕ್ಕದ್ದನ್ನು ಇಟ್ಟುಕೊಳ್ಳಬೇಡಿ. ತಲೆಗೆ ಹಾಕುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಿ. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಕಣ್ಣು ಕೆಂಪಗಾಗಿ ಬಹಳ ಹೊತ್ತು ನೋಯುತ್ತದೆ. ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಬೇಕು, ಉರಿ ನಿಲ್ಲದಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಸಣ್ಣ ಮಕ್ಕಳ ತಲೆಗೆ ಹಾಕುವುದೇ ಬೇಡ. ಒಣ ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರು ಆ ಕೆಲಸಕ್ಕೆ ಕೂರಬೇಡಿ. ಮಿಕ್ಕ ರಸವನ್ನು ತೋಡಿಗೆ, ಕೆರೆಗೆ ಚೆಲ್ಲಬೇಡಿ. ಸಪೋನಿನ್ ಮೀನುಗಳಿಗೆ ವಿಷ. ಸಪೋನಿನ್ ಇರುವ ಕಾಯಿಗಳನ್ನು ಅರೆದು ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಲೋಕದ ಹಲವೆಡೆ ಇತ್ತು. ಅಂಗಳದ ಮೂಲೆಯ ಮಣ್ಣಿಗೆ ಸುರಿದರೆ ಸಾಕು.

ಗೊಂಪಿನ ಕತೆ ಬೇರೆ. ದಾಸವಾಳದ ಸೊಪ್ಪಿನ ಲೋಳೆ ದಪ್ಪಗಿರುತ್ತದೆ, ಎಣ್ಣೆಯನ್ನು ಹಿಡಿದುಕೊಂಡು ಜಾರಿಸಿಕೊಂಡು ಹೋಗುತ್ತದೆ, ಕೂದಲು ಮೆತ್ತಗಾಗುತ್ತದೆ. ಆದರೆ ಅದಕ್ಕೆ ಎಣ್ಣೆ ನೀರನ್ನು ಬೆಸೆದಿಡುವ ಶಕ್ತಿ ಸಾಲದು. ಲೋಳೆಸರದ್ದೂ ಇದೇ ಗುಣ. ನಿಮ್ಮಲ್ಲಿ ಎಷ್ಟೋ ಮಂದಿ ಲೋಳೆಸರದ ತಿರುಳಿಗೆ ತೆಂಗಿನೆಣ್ಣೆ ಹಾಕಿ ಮಿಕ್ಸಿಯಲ್ಲಿ ತಿರುವಿ, ಬೆಳ್ಳಗಾದ ಕೂಡಲೇ ಕ್ರೀಮು ಆಯಿತು ಎನ್ನುತ್ತೀರಿ. ದಪ್ಪ ಲೋಳೆ ಹನಿಗಳ ಓಟವನ್ನು ನಿಧಾನ ಮಾಡಿದೆ ಅಷ್ಟೆ, ನಾಳೆಯೋ ನಾಡಿದ್ದೋ ಎಣ್ಣೆ ಬೇರೆ, ನೀರು ಬೇರೆ. ಅಂದೇ ಹಚ್ಚಿ ಮೀಯುವುದಾದರೆ ಅದರಲ್ಲಿ ತಪ್ಪೇನಿಲ್ಲ. ಬಾಟಲಿಗೆ ತುಂಬಿ ತಿಂಗಳು ಇಡುವ ವಸ್ತು ಮಾತ್ರ ಅದಲ್ಲ.

ಈಗ ಪಾರ್ಸೆಲಿನಲ್ಲಿ ಬರುವ ಎಮಲ್ಸಿಫೈಯರಿಗೆ ಬರೋಣ. ಇವುಗಳಲ್ಲಿ ಮೂರು ನಿಮ್ಮ ಕೈಗೆ ಹೆಚ್ಚಾಗಿ ಸಿಗುತ್ತವೆ. ಸೋಯಾಬೀನ್ ಎಣ್ಣೆಯನ್ನು ಶುದ್ಧ ಮಾಡುವಾಗ ಬೇರೆಯಾಗುವ ಅಂಟಿನಿಂದ ತೆಗೆದದ್ದು ಲೆಸಿಥಿನ್. ಆಲಿವ್ ಎಣ್ಣೆಯ ಕೊಬ್ಬಿನಾಮ್ಲಗಳಿಂದ ಮಾಡಿದ್ದು ಸಿಟಿಯರಿಲ್ ಆಲಿವೇಟ್ ಮತ್ತು ಸಾರ್ಬಿಟಾನ್ ಆಲಿವೇಟ್ ಜೋಡಿ. ಇದು ಮೇಣದ ಚೂರುಗಳಂತೆ ಬರುತ್ತದೆ, ಮುಖಕ್ಕೆ ಮೈಗೆ ಹಚ್ಚುವ ಕ್ರೀಮಿಗೆ ಒಳ್ಳೆಯದು. ಸಾಸಿವೆಯ ಬಳಗದ ರೇಪ್‌ಸೀಡ್ ಎಣ್ಣೆಯಿಂದ ಹೊರಟು ತಯಾರಾಗುವುದು ಬಿಹೆಂಟ್ರೈಮೋನಿಯಂ ಮಿಥೋಸಲ್ಫೇಟ್. ಅದಕ್ಕೆ ಧನ ವಿದ್ಯುದಂಶ ಇದೆ, ತೊಳೆದ ಕೂದಲಿಗೆ ಋಣ ಅಂಶ ಇದೆ. ಹಾಗಾಗಿ ಕೂದಲಿಗೆ ಅಂಟಿಕೊಂಡು ಸಿಕ್ಕು ಬಿಡಿಸುತ್ತದೆ. ಕಂಡೀಷನರಿಗೆ ಅದು ಸರಿ, ಮುಖದ ಕ್ರೀಮಿಗೆ ಆಲಿವ್‌ನದ್ದೇ ಇರಲಿ.

ಇವೆಲ್ಲ ಗಿಡದಿಂದ ಹೊರಟದ್ದು ನಿಜ. ಆದರೆ ಯಾವುದೂ ಎಲೆ ಅರೆದು ಹಿಂಡಿದ ರಸವಲ್ಲ. ಎಲ್ಲವೂ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಮಾಡಿದವು, ಲೆಸಿಥಿನ್ ಬಿಟ್ಟು ಉಳಿದವು ರಾಸಾಯನಿಕ ಕ್ರಿಯೆಯಿಂದ. ಅದರಲ್ಲಿ ಅಡಗಿಸಿಡುವಂಥದ್ದು ಏನೂ ಇಲ್ಲ. ಅದನ್ನು ಬಳಸಿ ಮಾಡಿದ ಬಾಟಲಿಯ ಮೇಲೆ “ಕೆಮಿಕಲ್ ಇಲ್ಲ” ಎಂದು ಬರೆಯಬೇಡಿ. ಅದು ಸುಳ್ಳು, ಕೊಳ್ಳುವವರ ನಂಬಿಕೆಗೆ ಮಾಡುವ ಮೋಸ. ಅಂಟುವಾಳದ ಸಪೋನಿನ್ನೂ ಒಂದು ರಾಸಾಯನಿಕವೇ.

ಗಿಡದಿಂದ ಬಂದದ್ದು ಅಪಾಯ ಮಾಡುವುದಿಲ್ಲ ಎಂಬ ಮಾತನ್ನು ನಮ್ಮ ಊರಿನಲ್ಲಿ ಹುಟ್ಟಿದವರು ಯಾರೂ ಹೇಳಬಾರದು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ಕೆತ್ತೆ ತಂದು ಕಷಾಯ ಕುಡಿಯುವುದು ನಮ್ಮ ವಾಡಿಕೆ. ಕತ್ತಲೆಯಲ್ಲಿ ಗುರುತು ತಪ್ಪಿ ಕಾಸರಕನ ಕೆತ್ತೆ ಬಂದರೆ ಜೀವಕ್ಕೇ ಸಂಚಕಾರ, ಅದರಲ್ಲಿ ಸ್ಟ್ರಿಕ್ನಿನ್ ಎಂಬ ಕಡುವಿಷ ಇದೆ. ಅದಕ್ಕೇ ಬಲ್ಲವರು ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಟ್ಟು ಬರುತ್ತಾರೆ. ಚೇರೆ ಮರದ ಸೊನೆ ತಾಗಿದವರ ಮೈ ಬೊಬ್ಬೆಯೆದ್ದು ಊದುವುದನ್ನು ನೀವೂ ನೋಡಿರಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಕಾರ್ಖಾನೆಯಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಂಡು ಕೂರುವುದು ಅದಕ್ಕಾಗಿ. ಲಿಂಬೆರಸ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುವುದುಂಟು. ಗಿಡ ಯಾವುದು, ಯಾವ ಭಾಗ, ಎಷ್ಟು, ಯಾರಿಗೆ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಗುವವರೆಗೆ ಅದನ್ನು ಮೈಗೆ ಹಚ್ಚಬೇಡಿ. ಗುರುತಿನಲ್ಲಿ ಸಂಶಯ ಬಂದರೆ ಉಜಿರೆ, ಮೂಡುಬಿದಿರೆಗಳಲ್ಲಿ ಸಸ್ಯಶಾಸ್ತ್ರ, ಆಯುರ್ವೇದ ಕಲಿಸುವ ಕಾಲೇಜುಗಳಿವೆ. ಎಲೆ, ಹೂ, ಕಾಯಿ ಇರುವ ಒಂದು ಗೆಲ್ಲು ಹಿಡಿದುಕೊಂಡು ಹೋಗಿ ಕೇಳಿ.

ಇನ್ನು ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಎಮಲ್ಸಿಫೈಯರ್ ಎಣ್ಣೆ ನೀರನ್ನು ಕೂಡಿಸುತ್ತದೆ. ಕೆಡದಂತೆ ಕಾಯುವುದು ಅದರ ಕೆಲಸವಲ್ಲ. ಅದಕ್ಕೆ ಬೇರೆ ಸಂರಕ್ಷಕ ಬೇಕು. ವಿಟಮಿನ್ ಇ ಎಣ್ಣೆ ಹಾಕಿದ್ದೇನೆ, ಕಹಿಬೇವು ಹಾಕಿದ್ದೇನೆ, ಅರಿಸಿನ ಹಾಕಿದ್ದೇನೆ, ಸುಗಂಧದ ಎಣ್ಣೆ ನಾಲ್ಕು ಹನಿ ಬಿಟ್ಟಿದ್ದೇನೆ ಎನ್ನುತ್ತೀರಿ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ, ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ. ಉಳಿದವು ನೀವು ಹಾಕುವ ಅಳತೆಯಲ್ಲಿ ಒಂದು ಕ್ರೀಮನ್ನು ಕಾಯಲಾರವು. ಹೆಚ್ಚು ಹಾಕಿದರೆ ಚರ್ಮವೇ ಉರಿಯುತ್ತದೆ. ಕ್ರೀಮು ಕೆಟ್ಟರೆ ವಾಸನೆಯಿಂದ ಗೊತ್ತಾಗುತ್ತದೆ ಎಂಬ ಧೈರ್ಯವೂ ಬೇಡ. ಬಣ್ಣ, ವಾಸನೆ ಏನೂ ಬದಲಾಗದೆ ಒಂದು ಗ್ರಾಮಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರಬಹುದು. ಸ್ಯೂಡೊಮೊನಾಸ್ ಎಂಬ ಜಾತಿಗಂತೂ ತೇವ ಇದ್ದರೆ ಸಾಕು. ಅದು ಕಣ್ಣಿಗೆ, ಗಾಯಕ್ಕೆ ಹೋದರೆ ದೊಡ್ಡ ತೊಂದರೆ ತರುತ್ತದೆ.

ಅದರಲ್ಲೂ ನಮ್ಮ ಹವೆ ನೆನಪಿರಲಿ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು. ಚಾರ್ಮಾಡಿ ಘಟ್ಟದ ಬುಡಕ್ಕೆ ಹೋದಂತೆ ಇನ್ನೂ ಹೆಚ್ಚು. ಆಟಿ ತಿಂಗಳಿನಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಹಪ್ಪಳ, ಸಾಂತಾಣಿಗಳನ್ನು ಅಟ್ಟದಲ್ಲಿ ಹೊಗೆ ತಾಗುವಲ್ಲಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಚಳಿ ನಾಡಿನವರು ಬರೆದಿಟ್ಟ ಅವಧಿಯನ್ನು ಬಂಟ್ವಾಳದ ಬಚ್ಚಲುಕೋಣೆಗೆ ತಂದು ಹೊಂದಿಸಬೇಡಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು, ನೀರೇ ಇಲ್ಲದ್ದನ್ನು ಮಾಡುವುದು. ಕಲಿಯುವವರು ಇಲ್ಲಿಂದಲೇ ಶುರು ಮಾಡಿ. ಬೇಸಗೆಯಲ್ಲಿ ಮನೆಮನೆಯಲ್ಲೂ ಪುನರ್ಪುಳಿಯ ಸಿಪ್ಪೆ ಒಣಗಿಸುತ್ತೇವೆ, ಬೀಜವನ್ನು ಗೊಬ್ಬರದ ಗುಂಡಿಗೆ ಎಸೆಯುತ್ತೇವೆ. ಆ ಬೀಜದೊಳಗೆ ಒಳ್ಳೆಯ ತುಪ್ಪ ಇದೆ. ಉತ್ತರ ಕನ್ನಡದಲ್ಲಿ ಅದಕ್ಕೆ ಮುರುಗಲ ತುಪ್ಪ ಎನ್ನುತ್ತಾರೆ, ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುತ್ತಾರೆ. ಬೀಜ ತೊಳೆದು ಒಣಗಿಸಿ, ಹೊರಸಿಪ್ಪೆ ತೆಗೆದು ಕುಟ್ಟಿ, ನೀರಿನಲ್ಲಿ ಚೆನ್ನಾಗಿ ಕುದಿಸಿ ಆರಲು ಬಿಟ್ಟರೆ ಕೊಬ್ಬು ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಎತ್ತಿ ಮತ್ತೆ ಕಾಯಿಸಿ ನೀರಿನ ಪಸೆ ಪೂರ್ತಿ ಹೋಗಿಸಬೇಕು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಪುನರ್ಪುಳಿ ತುಪ್ಪ ಕರಗಲು 40 ಡಿಗ್ರಿಯಷ್ಟು ಬೇಕು. ಹಾಗಾಗಿ ಮೇ ತಿಂಗಳ ಮಧ್ಯಾಹ್ನದಲ್ಲೂ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ, ಮೈಯ ಬಿಸಿಗೆ ಉಜ್ಜಿದಾಗ ಮೆತ್ತಗಾಗಿ ಹರಡುತ್ತದೆ. ಶುದ್ಧ ಜೇನುಮೇಣ 15 ಗ್ರಾಂ, ಪುನರ್ಪುಳಿ ತುಪ್ಪ 25 ಗ್ರಾಂ, ತೆಂಗಿನೆಣ್ಣೆ 60 ಗ್ರಾಂ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಣ ಡಬ್ಬಿಗೆ ಹೊಯ್ಯಿರಿ. ಮೇಣಕ್ಕೆ ತುಡುವೆ ಜೇನು ಸಾಕುವವರನ್ನು ಕೇಳಿ. ಇದಕ್ಕೆ ಎಮಲ್ಸಿಫೈಯರೂ ಬೇಡ, ಸಂರಕ್ಷಕವೂ ಬೇಡ. ಒದ್ದೆ ಬೆರಳು ಮಾತ್ರ ಡಬ್ಬಿಗೆ ಹಾಕಬಾರದು.

ಎರಡನೆಯದು, ನೀರಿನದ್ದು ಮಾಡಿ ಅಂದೇ ಮುಗಿಸುವುದು. ಅಂಟುವಾಳ, ಸೀಗೆ, ಗೊಂಪು, ಲೋಳೆಸರ, ಕಡಲೆಹಿಟ್ಟಿನ ಲೇಪ ಎಲ್ಲ ಇದಕ್ಕೆ ಸೇರಿದವು. ನಮ್ಮ ಮುರಕಲ್ಲು ನೆಲದ ಬಾವಿನೀರು ಮೆದು, ಇವೆಲ್ಲ ಅದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ.

ಮೂರನೆಯದು, ನೀರಿನದ್ದು ಮಾಡಿ ಇಟ್ಟುಕೊಳ್ಳುವುದು. ಈ ದಾರಿಗೆ ಇಳಿಯುವವರು ನಿಯಮ ಪೂರ್ತಿ ಪಾಲಿಸಬೇಕು, ಅರ್ಧಂಬರ್ಧ ಸಲ್ಲದು. ಚಮಚದ ಅಳತೆ ಬಿಡಿ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ತನ್ನಿ, ಪಿಎಚ್ ಕಾಗದ ತನ್ನಿ, ಅಡುಗೆಗೆ ಬಳಸದ ಪಾತ್ರೆಗಳನ್ನು ಬೇರೆ ಇಡಿ. ನೂರು ಗ್ರಾಂ ಲೋಷನ್ನಿಗೆ ಒಂದು ಲೆಕ್ಕ ಕೊಡುತ್ತೇನೆ: ಡಿಸ್ಟಿಲ್ಡ್ ವಾಟರ್ 72 ಗ್ರಾಂ, ಗ್ಲಿಸರಿನ್ 3 ಗ್ರಾಂ, ಎಳ್ಳೆಣ್ಣೆ ಅಥವಾ ತೆಂಗಿನೆಣ್ಣೆ 19 ಗ್ರಾಂ, ಆಲಿವ್‌ನಿಂದ ಮಾಡಿದ ಎಮಲ್ಸಿಫೈಯರ್ 5 ಗ್ರಾಂ, ಸಂರಕ್ಷಕ 1 ಗ್ರಾಂ. ನೀರು ಗ್ಲಿಸರಿನ್ ಒಂದು ಪಾತ್ರೆಯಲ್ಲಿ, ಎಣ್ಣೆ ಎಮಲ್ಸಿಫೈಯರ್ ಇನ್ನೊಂದರಲ್ಲಿ. ಎರಡನ್ನೂ 70ರಿಂದ 75 ಡಿಗ್ರಿಗೆ ಬಿಸಿ ಮಾಡಿ. ಎಮಲ್ಸಿಫೈಯರಿನ ಚೂರು ಪೂರ್ತಿ ಕರಗಬೇಕು, ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ತಣ್ಣಗಿದ್ದರೆ ಮೇಣ ಕಾಳುಕಾಳಾಗಿ ಗಟ್ಟಿಯಾಗುತ್ತದೆ, ಕ್ರೀಮು ಒಡೆಯುತ್ತದೆ. ಎರಡನ್ನೂ ಕೂಡಿಸಿ ಕಡೆಯುವ ಯಂತ್ರದಿಂದ ಎರಡು ಮೂರು ನಿಮಿಷ ಕಡೆಯಿರಿ, ಆಮೇಲೆ ಆರುವವರೆಗೆ ಕೈಯಿಂದ ತಿರುವುತ್ತಿರಿ. 40 ಡಿಗ್ರಿಗೆ ಇಳಿದ ಮೇಲೆ ಸಂರಕ್ಷಕ ಹಾಕಿ.

ಸಂರಕ್ಷಕ ಆರಿಸುವಾಗ ಅದರ ಜೊತೆ ಬರುವ ಕಾಗದ ಓದಿ. ಬೆಂಜೈಲ್ ಆಲ್ಕೋಹಾಲ್ ಮತ್ತು ಡಿಹೈಡ್ರೋಅಸಿಟಿಕ್ ಆಸಿಡ್ ಸೇರಿದ್ದು ಸಿಗುತ್ತದೆ. ಶರಬತ್ತು ಮಾಡಿ ಮಾರುವವರಿಗೆ ಪರಿಚಯವಿರುವ ಸೋಡಿಯಂ ಬೆಂಜೊಯೇಟ್ ಸಿಗುತ್ತದೆ. ಇವು ಆಮ್ಲೀಯವಾಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಪಿಎಚ್ 5ರ ಆಸುಪಾಸಿಗೆ ತರಲು ಸಿಟ್ರಿಕ್ ಆಸಿಡ್ ಕರಗಿಸಿದ ನೀರನ್ನು ಹನಿಹನಿಯಾಗಿ ಹಾಕಿ ಕಾಗದದಲ್ಲಿ ನೋಡಬೇಕು. ಫಿನಾಕ್ಸಿಎಥನಾಲ್ ಬಳಸುವುದಾದರೆ ನೂರಕ್ಕೆ ಒಂದನ್ನು ಮೀರಬಾರದು. ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಸಂರಕ್ಷಕಕ್ಕೆ ನಡೆಯುವುದಿಲ್ಲ. ಬಾವಿನೀರು, ಗುಲಾಬಿ ಪಕಳೆ ನೆನೆಸಿದ ನೀರು, ತಾಜಾ ಲೋಳೆಸರ, ಹಾಲು, ಜೇನು ಇವನ್ನು ಈ ಲೋಷನ್ನಿಗೆ ಬೆರೆಸಬೇಡಿ. ಬ್ಯಾಕ್ಟೀರಿಯಾಕ್ಕೆ ಆಹಾರ ಹೆಚ್ಚಿದಷ್ಟೂ ಸಂರಕ್ಷಕದ ಬಲ ಸಾಲದಾಗುತ್ತದೆ. ಅಗಲ ಬಾಯಿಯ ಡಬ್ಬಿಗಿಂತ ಪಂಪಿನ ಬಾಟಲಿ ಲೇಸು, ಬೆರಳು ಒಳಗೆ ಹೋಗುವುದಿಲ್ಲ. ಸ್ವಲ್ಪವೇ ಮಾಡಿ, ಮಾಡಿದ ದಿನಾಂಕ ಬರೆದು ಅಂಟಿಸಿ, ನೀರು ಎಣ್ಣೆ ಬೇರೆಯಾಗತೊಡಗಿದರೆ, ಚುಕ್ಕೆ ಕಂಡರೆ ಹಿಂದೆಮುಂದೆ ನೋಡದೆ ಎಸೆಯಿರಿ.

ಯಾವ ದಾರಿ ಹಿಡಿದರೂ ಹೊಸದನ್ನು ಮೊದಲು ಮೊಣಕೈಯ ಒಳಬದಿಯಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಎಳೆಮಕ್ಕಳ ಮೇಲೆ, ಗಾಯದ ಮೇಲೆ, ಚರ್ಮರೋಗ ಇರುವವರ ಮೇಲೆ ನಿಮ್ಮ ಪ್ರಯೋಗ ಬೇಡ. ಅವರಿಗೆ ಬೇಕಾದ್ದು ವೈದ್ಯರು.

ಮಾರಾಟದ ವಿಷಯವೂ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಅನೇಕರ ಕಣ್ಣು ಅಲ್ಲಿದೆ, ಇರಬೇಕಾದ್ದೇ. ಸ್ವಂತ ದುಡಿಮೆಯ ನಾಲ್ಕು ಕಾಸು ಹೆಣ್ಣುಮಕ್ಕಳ ಕೈಯಲ್ಲಿ ಇರಬೇಕು. ಆದರೆ ಮೈಗೆ, ಕೂದಲಿಗೆ ಹಚ್ಚುವುದನ್ನು ಮಾರಾಟಕ್ಕೆಂದು ತಯಾರಿಸಲು ಪರವಾನಗಿ ಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ, ಅದರಡಿ ಬಂದ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಜಾತ್ರೆಯ ಮಳಿಗೆಯಾಗಲಿ, ಸಂಘದ ಮೇಳವಾಗಲಿ, ವಾಟ್ಸಾಪ್ ಗುಂಪಾಗಲಿ, ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಬಾಟಲಿಯ ಮೇಲೆ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಬಳಸಿ ಮುಗಿಸಬೇಕಾದ ಅವಧಿ, ಪರವಾನಗಿ ಸಂಖ್ಯೆ ಇರಬೇಕು. ಬೊಕ್ಕತಲೆಯಲ್ಲಿ ಕೂದಲು ಬರಿಸುತ್ತದೆ, ಇಸಬು ಗುಣಪಡಿಸುತ್ತದೆ ಎಂದು ಬರೆದರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಬೇರೆಯೇ ಕಾನೂನು.

ಇದನ್ನು ಕೇಳಿ ಹೆದರಿ ಹಿಂದೆ ಸರಿಯಬೇಡಿ. ಕಲಿಯಲು ನಮ್ಮಲ್ಲೇ ಜಾಗ ಇದೆ. ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ಹಳ್ಳಿಯ ಯುವಕ ಯುವತಿಯರಿಗೆ ಸ್ವಉದ್ಯೋಗದ ತರಬೇತಿ ಕೊಡುತ್ತಿದೆ. ಅದೇ ವರ್ಷ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು, ಪಂಚಾಯಿತಿಯ ಸಂಜೀವಿನಿ ಒಕ್ಕೂಟಗಳು ಊರೂರಲ್ಲಿ ಇವೆ. ಒಬ್ಬೊಬ್ಬರೇ ಅಡುಗೆಕೋಣೆಯಲ್ಲಿ ಕಷ್ಟಪಡುವ ಬದಲು ಹತ್ತು ಮಂದಿ ಸೇರಿ ಒಂದು ಶುಚಿಯಾದ ಕೋಣೆ, ಒಂದು ಪರವಾನಗಿ, ಮಾರುವ ಮೊದಲು ಪ್ರಯೋಗಾಲಯದ ಪರೀಕ್ಷೆ ಎಂದು ಯೋಚಿಸಿದರೆ ಖರ್ಚೂ ಹಂಚಿಹೋಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಗಂಧದೆಣ್ಣೆಯ ಸಾಬೂನು ಮಾಡಬೇಕೆಂದಾಗ ಮೈಸೂರು ಸರಕಾರ ಎಸ್. ಜಿ. ಶಾಸ್ತ್ರಿಯವರನ್ನು ಅದರ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಅವರು ಕಲಿತು ಬಂದ ಮೇಲೆ ಹೊರಬಂದ ಮೈಸೂರು ಸ್ಯಾಂಡಲ್ ಸಾಬೂನಿಗೆ ನೂರು ವರ್ಷ ದಾಟಿದೆ. ಗಂಧ ನಮ್ಮಲ್ಲೇ ಇತ್ತು, ಎಣ್ಣೆಯೂ ಇತ್ತು, ಆದರೂ ಮೊದಲು ಕಲಿಕೆ, ಆಮೇಲೆ ಸಾಬೂನು.

ಕೊನೆಗೆ, ಯಾರಿಗಾಗಿ ಮಾಡುತ್ತೀರಿ ಎಂದೂ ಯೋಚಿಸಿ. ಮುಖ ಬೆಳ್ಳಗಾಗಿಸುವ ಕ್ರೀಮು ನಮಗೆ ಬೇಡ, ನಮ್ಮ ಬಣ್ಣಕ್ಕೆ ಏನೂ ಕಡಿಮೆಯಾಗಿಲ್ಲ. ಅಡಿಕೆ ಸುಲಿದು ಬೆರಳು ಬಿರಿದವರು ನಮ್ಮ ಅಕ್ಕಪಕ್ಕದಲ್ಲಿದ್ದಾರೆ. ಬೀಡಿ ಕಟ್ಟಿ ಹೊಗೆಸೊಪ್ಪಿನ ಧೂಳು ಕೈಗೆ ಕೂತವರು, ಮಳೆಗಾಲವಿಡೀ ಗದ್ದೆಯ ಕೆಸರಲ್ಲಿ ನಿಂತು ಕಾಲು ಒಡೆದವರು, ಗೇರುಬೀಜದ ಕಾರ್ಖಾನೆಯಿಂದ ಕೈ ಕಪ್ಪಾಗಿ ಬರುವವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ದುಬಾರಿ ಬಾಟಲಿ ಬೇಡ, ಕೆಲಸ ಮುಗಿಸಿ ಬಂದು ಹಚ್ಚಿಕೊಳ್ಳಲು ಒಂದು ಡಬ್ಬಿ ಒಳ್ಳೆಯ ಮುಲಾಮು ಸಾಕು. ಈ ಬೇಸಗೆಯಲ್ಲಿ ಪುನರ್ಪುಳಿಯ ಬೀಜ ಎಸೆಯಬೇಡಿ, ಅದರಿಂದ ಶುರು ಮಾಡಿ. ಅದರಲ್ಲಿ ಕೈ ಪಳಗಲಿ, ಅಳೆಯುವ, ಬರೆದಿಡುವ, ಶುಚಿಯಾಗಿರುವ ಅಭ್ಯಾಸ ಬರಲಿ. ಆಮೇಲೆ ಎಮಲ್ಸಿಫೈಯರಿನ ಪೊಟ್ಟಣ ಬಿಚ್ಚಿ, ತಕ್ಕಡಿಯನ್ನೂ ಪಿಎಚ್ ಕಾಗದವನ್ನೂ ಸಂರಕ್ಷಕವನ್ನೂ ಮುಂದೆ ಇಟ್ಟುಕೊಂಡು ಎಣ್ಣೆಗೆ ನೀರು ಕೂಡಿಸಿ. ಸಂಶಯ ಬಂದಲ್ಲಿ ಕೇಳಿ. ನಾನಿದ್ದೇನೆ, ನಿಮ್ಮ ಕಾಲೇಜಿನ ಮೇಷ್ಟ್ರುಗಳಿದ್ದಾರೆ. ಕೇಳಿ ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ಹಾಕಿ ಇನ್ನೊಬ್ಬರ ಕೈಗೆ ಧೈರ್ಯವಾಗಿ ಕೊಡಬಹುದು.